ಹೆಸರು ದೇವರಿಗೆ ಗೊತ್ತು

ನಮ್ಮ ಚರ್ಚಿನ ಭಾನುವಾರದ ಆರಾಧನೆಯಲ್ಲಿ ಒಂದು ಹೊತ್ತು ಇದೆ. ಪ್ರಸಂಗ ಮುಗಿದು ಕಾಣಿಕೆ ಎತ್ತುವ ಮೊದಲು ಪಾಸ್ಟರರು ಸಭೆಯ ಕಡೆ ನೋಡಿ, "ಪ್ರಾರ್ಥನಾ ವಿಷಯ ಏನಾರ ಅವ ಏನ್ರಿ?" ಎಂದು ಕೇಳುತ್ತಾರೆ. ಕೈಗಳು ಏಳುತ್ತವೆ. ಎದ್ದು ನಿಂತವರು ತಮ್ಮದೋ ಮಂದಿಯದೋ ಕಷ್ಟ ಹೇಳುತ್ತಾರೆ, ಎಲ್ಲರೂ ಕಣ್ಣು ಮುಚ್ಚಿ ಬೇಡಿಕೊಳ್ಳುತ್ತೇವೆ. ಇದಕ್ಕೆ ಯಾರೂ ಬರೆದಿಡದ ಒಂದು ಕಾಯಿದೆ ಇದೆ. ಮಂದಿಯ ಕಷ್ಟ ಹೇಳುವಾಗ ಹೆಸರು ಎತ್ತಬಾರದು. "ನಮ್ಮ ಸಭಾದ ಒಬ್ಬ ಸಹೋದರ" ಎನ್ನಬೇಕು, ಕೊನೆಗೆ "ಹೆಸರು ದೇವರಿಗಿ ಗೊತ್ತದ" ಎಂದು ಕೂರಬೇಕು.

ಹೆಸರೊಂದು ಬಿಟ್ಟು ಉಳಿದದ್ದೆಲ್ಲ ಹೇಳುತ್ತಾರೆ. ಇಲ್ಲದಿದ್ದರೆ ಪ್ರಾರ್ಥನೆ ದಾರಿ ತಪ್ಪಿ ಯಾರ ಮನೆಗೋ ಹೋದೀತೆಂಬ ಭಯವಿರಬೇಕು. "ಇಬ್ಬರು ಮಕ್ಕಳ ತಂದಿ, ನೀರಿನ ಇಲಾಖ್ಯಾಗ ನೌಕರಿ, ಮೊನ್ನೆ ಹೊಸ ಮನಿ ಕಟ್ಟಿಸ್ಯಾರ, ಕುಡಿಯೋದು ಬಿಡಲಿಕ್ಕ ಆಗವಲ್ದು, ಹೆಸರು ದೇವರಿಗಿ ಗೊತ್ತದ." ಆಮೆನ್ ಅನ್ನುವ ಹೊತ್ತಿಗೆ ಕೊನೆಯ ಬೆಂಚಿನ ಕೂಸಿಗೂ ಗೊತ್ತಾಗಿರುತ್ತದೆ. ನಾನು ಹತ್ತನೆಯ ಇಯತ್ತೆಯ ಗಣಿತದಲ್ಲಿ ನಪಾಸಾದ ವರ್ಷ ನಮ್ಮವ್ವ ನನ್ನ ಪಕ್ಕದಲ್ಲೇ ಎದ್ದು ನಿಂತು, "ಒಬ್ಬ ಹುಡುಗಿ ಲೆಕ್ಕದಾಗ ಫೇಲ್ ಆಗ್ಯಾಳ, ಅಕಿಗಿ ಬುದ್ಧಿ ಕೊಡ್ಲಿ ಅಂತ ಬೇಡ್ಕೋರಿ" ಎಂದಳು. ಸಭೆಗೆ ಸಭೆಯೇ ಕಣ್ಣು ಮುಚ್ಚುವ ಮೊದಲು ಒಮ್ಮೆ ನನ್ನ ಮುಖ ನೋಡಿತು. ಮನೆಗೆ ಬಂದು ನಾನು ಅತ್ತಾಗ ಅವ್ವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ನಿನ್ನ ಹೆಸರು ಎಲ್ಲಿ ಹೇಳಿನಿ ನಾ?" ಎಂದು ನನ್ನ ಮೇಲೆಯೇ ರೇಗಿದಳು.

ಇದನ್ನು ಮೊದಲೇ ಹೇಳಿದೆ, ಯಾಕೆಂದರೆ ಮುಂದೆ ನಾನು ಮಾಡಿದ ತಪ್ಪು ಈ ಬೆಂಚಿನ ಮೇಲೆಯೇ ಕಲಿತದ್ದು. ಬೀದರ ಜಿಲ್ಲೆಯವರು ಇದನ್ನು ಓದುತ್ತಿದ್ದರೆ ಇನ್ನೊಂದು ಮಾತು. ನೀವು ಈಗಾಗಲೇ ತಾಳೆ ಹಾಕಲು ಶುರು ಮಾಡಿರುತ್ತೀರಿ, ನನಗೆ ಗೊತ್ತು, ನಾನೂ ಇಲ್ಲಿಯವಳೇ. ದಯವಿಟ್ಟು ಬಿಡಿ. ಊರನ್ನು ಠಾಣಾ ಕುಶನೂರ ಎಂದು ಬರೆಯುತ್ತೇನೆ, ಅದು ಠಾಣಾ ಕುಶನೂರ ಅಲ್ಲ. ಮನೆತನದ ವಿವರವನ್ನೂ ತಿರುವಿ ಹಾಕಿದ್ದೇನೆ. ಕಾಯಿಲೆಯ ಹೆಸರಂತೂ ಬರೆಯುವುದೇ ಇಲ್ಲ. ಒಮ್ಮೆ ಬರೆದದ್ದೇ ಸಾಕಾಗಿದೆ.

ನಾನು ಮೂರು ದಶಕಕ್ಕೂ ಮೇಲೆ ಸರಕಾರಿ ದವಾಖಾನೆಗಳಲ್ಲಿ ನರ್ಸಾಗಿದ್ದವಳು. ಮೊದಲು ಭಾಲ್ಕಿ, ಆಮೇಲೆ ಹನ್ನೊಂದು ವರ್ಷ ಔರಾದ, ಕೊನೆಗೆ ಬೀದರ. ನಾನು ಮೃದು ಸ್ವಭಾವದ ನರ್ಸೇನೂ ಅಲ್ಲ. ರೋಗಿಯ ಮಂಚದ ಸುತ್ತ ಹತ್ತು ಜನ ನೆಂಟರು ಜಮಾಯಿಸಿದರೆ ನನ್ನ ದನಿ ಹೊರಗಿನ ಬೇವಿನ ಮರದವರೆಗೆ ಕೇಳುತ್ತಿತ್ತು. ಒಂದು ವಿಷಯದಲ್ಲಿ ಮಾತ್ರ ಯಾರೂ ನನ್ನತ್ತ ಬೆರಳು ತೋರಿಸುವಂತಿರಲಿಲ್ಲ. ಕೇಸ್ ಪೇಪರನ್ನು ಯಾವಾಗಲೂ ಮಗುಚಿಯೇ ಇಡುತ್ತಿದ್ದೆ. ಪಕ್ಕದ ಮಂಚದವರನ್ನು ನೋಡಲು ಬಂದವರು ಕುತ್ತಿಗೆ ಚಾಚಿ ಓದಬಾರದು ಎಂದು. ಅದನ್ನು ನೋಡಿ ಹೊಸದಾಗಿ ಬಂದ ಹುಡುಗಿಯರೂ ಹಾಗೇ ಇಡಲು ಕಲಿತರು. ನಿವೃತ್ತಿಯ ದಿನ ಡಾಕ್ಟರೊಬ್ಬರು ಭಾಷಣದಲ್ಲಿ ಅದನ್ನೇ ಹೇಳಿದರು, ನನಗೆ ಬಹಳ ಹೆಮ್ಮೆಯಾಯಿತು.

ನಿವೃತ್ತಿಯಾದ ಮೇಲೆ ನನ್ನನ್ನು ಫೋನಿನಲ್ಲಿ ಬರೆದು ಮಾತಾಡುವ ಒಂದು ಜಾಲಕ್ಕೆ ಸೇರಿಸಿದವರು ಬೀದರದ ಕಾಳುಕಡಿ ಪೇಟೆ ಗಾಂಧಿ ಗಂಜದ ಹಿಂದಿನ ಓಣಿಯಲ್ಲಿ ರೇಡಿಯೋ, ಮೊಬೈಲು ರಿಪೇರಿ ಮಾಡುವ ಒಬ್ಬ ಭಾಯಿ. ಅವರ ತಾಯಿಯ ಕೊನೆಯ ದಿನಗಳಲ್ಲಿ ನಾನೇ ಡ್ಯೂಟಿಯಲ್ಲಿದ್ದೆ. ಅಂದಿನಿಂದ ನಾನು ಅವರಿಗೆ ಅಕ್ಕ, ಆಪಾ ಎನ್ನುತ್ತಾರೆ. ನನ್ನ ಫೋನು ಕೆಟ್ಟು ಅವರ ಅಂಗಡಿಯಲ್ಲಿ ಕುಳಿತಿದ್ದಾಗ, ಫೋನಿನಲ್ಲಿ ನಾನು ಏನು ನೋಡಿದರೂ ಮರುದಿನ ಅದೇ ಔಷಧಿಯ ಜಾಹೀರಾತು ಬರುತ್ತದೆ, ಯಾರೋ ಹಿಂದೆ ನಿಂತು ನೋಡಿದಂತಾಗುತ್ತದೆ ಎಂದು ಗೊಣಗಿದೆ. ಭಾಯಿ ನಕ್ಕರು. "ಯಜಮಾನನೇ ಇಲ್ಲದ್ದು ಒಂದು ಜಾಲ ಅದ ಆಪಾ, ಬರ್ತೀರೇನು?" ಎಂದರು.

ಅವರು ತಿಳಿಸಿದ ರೀತಿಯಲ್ಲೇ ಹೇಳುತ್ತೇನೆ. ನಮ್ಮ ಗಂಜದಲ್ಲಿ ನೂರು ಅಡತಿ ಅಂಗಡಿಗಳಿವೆ, ಎಲ್ಲಕ್ಕೂ ಸೇರಿ ಒಬ್ಬ ಮಾಲೀಕ ಇಲ್ಲ. ಅವರವರ ಅಂಗಡಿ, ಅವರವರ ತಕ್ಕಡಿ, ಅವರವರ ಬೀಗ. ಆದರೂ ಮಾಲು ಇಲ್ಲಿಂದ ಅಲ್ಲಿಗೆ ಓಡಾಡುತ್ತದೆ. ಈ ಜಾಲವೂ ಹಾಗೆ. ಊರೂರಿನಲ್ಲಿ ಯಾರೋ ನಾಲ್ಕು ಜನ ತಮ್ಮ ಖುಷಿಗೆ ಒಂದೊಂದು ಸರ್ವರ್ ಇಟ್ಟಿರುತ್ತಾರೆ. ಒಂದರಲ್ಲಿ ಬರೆದದ್ದರ ಪ್ರತಿ ಉಳಿದವುಗಳಿಗೂ ಹೋಗುತ್ತದೆ. ಕನ್ನಡದವರ ಒಂದು ಸರ್ವರನ್ನು ಭಾಯಿ ಮತ್ತು ಇನ್ನಿಬ್ಬರು ನೋಡಿಕೊಳ್ಳುತ್ತಿದ್ದರು. ಅದಕ್ಕೆ ಜಾಹೀರಾತು ಇಲ್ಲ, ಹೆಸರು ಕೇಳುವವರಿಲ್ಲ. ನಾನು "ಹಳೆ ಸಿಸ್ಟರ್" ಎಂದು ಹೆಸರಿಟ್ಟುಕೊಂಡು ಸೇರಿದೆ.

ಎರಡು ತಿಂಗಳಲ್ಲಿ ಅದು ನನ್ನ ವಾರ್ಡೇ ಆಗಿಹೋಯಿತು. ಜನ ಮೈಯ ಕಷ್ಟ ಕೇಳುತ್ತಿದ್ದರು. ನಾನು ಔಷಧಿ ಹೇಳುತ್ತಿರಲಿಲ್ಲ, ಯಾವ ಡಾಕ್ಟರ ಬಳಿ ಹೋಗಬೇಕು, ಹೋಗಿ ಏನು ಕೇಳಬೇಕು, ಏನು ಮುಚ್ಚಿಡಬಾರದು ಎಂದು ಹೇಳುತ್ತಿದ್ದೆ. ಯಾರ ಹೆಸರೂ ಕೇಳುತ್ತಿರಲಿಲ್ಲ, ಊರೂ ಕೇಳುತ್ತಿರಲಿಲ್ಲ. ಒಬ್ಬಾತ ತನ್ನ ತಾಯಿಯ ರಕ್ತ ಪರೀಕ್ಷೆಯ ಕಾಗದದ ಫೋಟೋವನ್ನು ಹೆಸರು, ವಯಸ್ಸು ಸಮೇತ ಹಾಕಿದಾಗ, "ನಿಮ್ಮ ತಾಯಿ ಇದನ್ನು ಊರ ಚಾವಡಿಗೆ ಅಂಟಿಸು ಅಂದಿದ್ದರೇ?" ಎಂದು ಬರೆದು ತೆಗೆಸಿದೆ. ಆತ ಕ್ಷಮೆ ಕೇಳಿದ. ಇಬ್ಬರು ಮೂವರು ನನ್ನನ್ನು ಹೊಗಳಿದರು. ಗುಟ್ಟು ಕಾಯುವ ವಿಷಯದಲ್ಲಿ ನನಗೆ ಇನ್ನೊಬ್ಬರು ಕಲಿಸಬೇಕಾಗಿಲ್ಲ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಒಬ್ಬ ಹುಡುಗಿ ನನಗೆ ಖಾಸಗಿಯಾಗಿ ಬರೆದಳು. ಮಾತಾಡಿದ ಹಾಗೆಯೇ ಬರೆಯುತ್ತಿದ್ದಳು, ಓದಿದ ಕೂಡಲೇ ನಮ್ಮ ಕಡೆಯವಳೆಂದು ಗೊತ್ತಾಯಿತು. ಔರಾದದಲ್ಲಿದ್ದಾಗ ಇಂಥ ಎಷ್ಟು ಹುಡುಗಿಯರನ್ನು ನೋಡಿದ್ದೆನೋ.

"ಸಿಸ್ಟರ್, ಏಳನೇ ಇಯತ್ತಿದಾಗಿಂದ ದಿನಾ ಗುಳಿಗಿ ತಗೋತೇನಿ. ನಮ್ಮ ಮನ್ಯಾಗ ಬಿಟ್ರ ಯಾರಿಗೂ ಗೊತ್ತಿಲ್ರಿ. ಈಗ ಸಂಬಂಧ ಬಂದದ. ಈ ಗುಳಿಗಿ ಮ್ಯಾಲ ಮಕ್ಕಳಾದ್ರ ಕೂಸಿಗಿ ಏನಾರ ಆಗ್ತದೇನ್ರಿ?"

ಅದು ಹೊರಗೆ ಕಾಣುವ ಕಾಯಿಲೆಯಲ್ಲ, ಯಾರಿಗೂ ಅಂಟುವುದೂ ಇಲ್ಲ. ಗುಳಿಗೆ ತಪ್ಪಿಸದಿದ್ದರೆ ಎಲ್ಲರಂತೆ ಬಾಳಬಹುದು. ಆದರೆ ಅದರ ಹೆಸರು ಕೇಳಿದ ಕೂಡಲೇ ಬೀಗರಾಗುವವರು ಚಾದ ಕಪ್ಪು ಕೆಳಗಿಟ್ಟು ಎದ್ದು ಹೋದದ್ದನ್ನು ನಾನೇ ಕಂಡಿದ್ದೇನೆ. ಅವಳ ಅಪ್ಪ, ಮದುವೆಯಾಗುವ ತನಕ ಬಾಯಿ ಬಿಡಬೇಡ ಎಂದಿದ್ದರಂತೆ. ಅವ್ವ ಅಳುತ್ತಿದ್ದಳಂತೆ. ಹುಡುಗಿಯ ನಿರ್ಧಾರ ಬೇರೆಯಿತ್ತು. ಒಂಬತ್ತು ದಿನದ ನಂತರ ಒಂದು ಮಂಗಳವಾರ ಭಾಲ್ಕಿಯಲ್ಲಿ ಹುಡುಗನ ಸೋದರತ್ತೆಯ ಮನೆಯಲ್ಲಿ ಅವನೂ ಅವಳೂ ಕೂತು ಮಾತಾಡುವುದೆಂದು ಹಿರಿಯರು ಒಪ್ಪಿದ್ದರು. ಅಲ್ಲಿ ತಾನೇ ಹೇಳಬೇಕು ಎಂದಿದ್ದಳು.

"ಅವರು ಬ್ಯಾಡ ಅಂದ್ರೂ ನಡಿತದ್ರಿ. ಆದ್ರ ನನ್ನ ಬಾಯಿಂದ ಕೇಳಿ ಬ್ಯಾಡ ಅನ್ಲಿ. ಮಂದಿ ಬಾಯಿಂದ ಕೇಳಿ ಅಲ್ಲ."

ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಓದಿ ನನಗೆ ಕಣ್ಣು ತುಂಬಿತು, ಮರೆಮಾಚುವುದೇಕೆ. ಮೂರು ಮಧ್ಯಾಹ್ನ ಕೂತು ಹೇಗೆ ಹೇಳಬೇಕೆಂದು ಇಬ್ಬರೂ ಮಾತು ಕಟ್ಟಿದೆವು. ಮಾತಿನ ನಡುವೆ ಊರು, ವಯಸ್ಸು, ಅಪ್ಪ ಮಾಸ್ತರರಾಗಿದ್ದದ್ದು ಎಲ್ಲ ಅವಳಾಗಿಯೇ ಹೇಳಿದಳು, ಹೆಸರೊಂದು ಬಿಟ್ಟು. ನಾನು ಉದ್ದ ಬರೆದು ಕಳಿಸುತ್ತಿದ್ದೆ, ಅವಳು ಅರ್ಧ ಹೊಡೆದು ಹಾಕುತ್ತಿದ್ದಳು. "ಇಷ್ಟು ಅಂದ್ರ ಸಾಕ್ರಿ, ಇನ್ನಷ್ಟು ಅಂದ್ರ ಬೇಡ್ಕೊಂಡಂಗ ಆಗ್ತದ" ಎನ್ನುತ್ತಿದ್ದಳು. ಕೊನೆಗೆ ನಾಲ್ಕು ಸಾಲಾಯಿತು. ನಾಲ್ಕೂ ಸರಿಯಾಗಿದ್ದವು.

ಗುಳಿಗೆ ಮತ್ತು ಗರ್ಭದ ಪ್ರಶ್ನೆಗೆ ಮಾತ್ರ ನನ್ನ ಬಳಿ ಗಟ್ಟಿ ಉತ್ತರವಿರಲಿಲ್ಲ. ನನ್ನ ವಿದ್ಯೆ ಹಳೆಯದಾಗಿತ್ತು. ಜಾಲದ ಬೇರೆ ಬೇರೆ ಸರ್ವರುಗಳಲ್ಲಿ ಕನ್ನಡ ಬಲ್ಲ ಡಾಕ್ಟರುಗಳಿದ್ದರು. ಎಲ್ಲರಿಗೂ ಕಾಣುವಂತೆ ಕೇಳಿದರೆ ಯಾರಾದರೂ ಹೇಳುತ್ತಾರೆ ಎಂದುಕೊಂಡೆ. ಅವಳನ್ನು ಕೇಳದೆ ಮಾಡಲಿಲ್ಲ. "ನಿನ್ನ ಹೆಸರು ಬರದಂಗ ಹೊರಗ ಕೇಳ್ಲೇನವ್ವಾ?" ಎಂದೆ. "ಹೆಸರು ಹಾಕಬ್ಯಾಡ್ರಿ, ಅಷ್ಟೇ ನೋಡ್ರಿ" ಎಂದಳು. ಹೆಸರು ಹಾಕುವುದಾದರೂ ಹೇಗೆ, ಅವಳ ಹೆಸರು ನನಗೇ ಗೊತ್ತಿರಲಿಲ್ಲ.

ಬರೆಯಲು ಕೂತೆ. ಆ ಸಾಲುಗಳನ್ನು ಈಗ ಓದಿದರೆ ನನ್ನ ಕೈಯನ್ನು ನಾನೇ ಕಚ್ಚಿಕೊಳ್ಳಬೇಕೆನಿಸುತ್ತದೆ. "ಔರಾದ ತಾಲೂಕಿನ ಠಾಣಾ ಕುಶನೂರ ಕಡೆಯ ಒಬ್ಬ ಸಹೋದರಿ, ವಯಸ್ಸು ಇಪ್ಪತ್ತೈದು, ನಿವೃತ್ತ ಶಾಲಾ ಮಾಸ್ತರರ ಎರಡನೆಯ ಮಗಳು, ಭಾಲ್ಕಿಯಿಂದ ಸಂಬಂಧ ಬಂದಿದೆ" ಎಂದು ಶುರು ಮಾಡಿ, ಕಾಯಿಲೆ, ಗುಳಿಗೆ ಎಲ್ಲ ಬರೆದು, "ಹೆಸರು ದೇವರಿಗೆ ಗೊತ್ತು. ಪ್ರಾರ್ಥಿಸಿರಿ, ತಿಳಿದವರು ತಿಳಿಸಿರಿ" ಎಂದು ಮುಗಿಸಿದೆ. ಗುಳಿಗೆಯ ಪ್ರಶ್ನೆಗೆ ಮಾಸ್ತರರ ಎರಡನೆಯ ಮಗಳು ಏಕೆ ಬೇಕು? ಭಾಲ್ಕಿ ಏಕೆ ಬೇಕು? ಡಾಕ್ಟರಿಗೆ ವಯಸ್ಸು ಮತ್ತು ಗುಳಿಗೆಯ ಹೆಸರು ಸಾಕಿತ್ತು. ಅಪರಿಚಿತ ಗಂಡಸಿನ ತಾಯಿಯ ಕಾಗದ ತೆಗೆಸಿದವಳು, ಮೂವತ್ತು ವರ್ಷ ಕೇಸ್ ಪೇಪರ್ ಮಗುಚಿಟ್ಟವಳು, ಆ ಒಂದು ಗಳಿಗೆ ನರ್ಸಾಗಿರಲೇ ಇಲ್ಲ. ಬೆಂಚಿನಿಂದ ಎದ್ದು ನಿಂತ ನಮ್ಮವ್ವ ಆಗಿದ್ದೆ. ಹೆಸರು ಬಿಟ್ಟಿದ್ದೇನೆ, ಇನ್ನೇನು ಭಯ ಎಂದು ಕಳಿಸಿಬಿಟ್ಟೆ.

ಉತ್ತರಗಳು ಚೆನ್ನಾಗಿಯೇ ಬಂದವು. ಅದನ್ನೂ ಹೇಳಬೇಕು. ಯಾವುದೋ ಊರಿನ ಡಾಕ್ಟರಮ್ಮ ಒಬ್ಬರು, ಮಗು ಬೇಕೆಂದುಕೊಳ್ಳುವ ಮೊದಲೇ ತಜ್ಞರನ್ನು ಕಂಡರೆ ಬೇರೆ ಗುಳಿಗೆಗೆ ಬದಲಿಸುವ ದಾರಿಯಿದೆ, ತಾನಾಗಿಯೇ ನಿಲ್ಲಿಸಬಾರದು ಎಂದು ಸಮಾಧಾನದಿಂದ ಬರೆದಿದ್ದರು. ಹುಡುಗಿಗೆ ಕಳಿಸಿದೆ. "ದೇವರು ನಿಮಗ ಒಳ್ಳೇದು ಮಾಡ್ಲಿ ಸಿಸ್ಟರ್" ಎಂದಳು. ನನ್ನ ಬರಹದ ಕೆಳಗೆ ಜನ "ಪ್ರಾರ್ಥಿಸುತ್ತೇವೆ" ಎಂದು ಬರೆಯುತ್ತಿದ್ದರು. ಎಂಥ ಒಳ್ಳೆಯ ಜಾಲ, ಎಂಥ ಒಳ್ಳೆಯ ಜನ ಎಂದುಕೊಂಡು ಆ ದಿನ ಎರಡು ರೊಟ್ಟಿ ಹೆಚ್ಚು ಉಂಡೆ.

ಮೂರನೆಯ ದಿನ ಬೆಳಗ್ಗೆ ಅವಳಿಂದ ಮೂರೇ ಪದ ಬಂತು. "ಸಿಸ್ಟರ್, ಅದು ತೆಗೀರಿ."

ಯಾಕೆಂದು ಕೇಳಿದ ಮೇಲೆ ಉಳಿದದ್ದು ಬರೆದಳು. ಅವಳ ಚಿಕ್ಕಮ್ಮನ ಮಗಳು ಫೋನಿನಲ್ಲಿ ನನ್ನ ಬರಹದ ಚಿತ್ರ ತೋರಿಸಿ, "ಇದು ನಿಂದೇ ಏನು?" ಎಂದು ಕೇಳಿದ್ದಳಂತೆ. "ನಮ್ಮ ಊರಾಗ ರಿಟೈರ್ ಆದ ಮಾಸ್ತರ ಮನಿ ಎಷ್ಟು ಅವ ಅಂತ ತಿಳಿದಿರಿ? ಒಂದೇ ಅದ್ರಿ" ಎಂದು ಬರೆದಿದ್ದಳು. ಬೈದಿರಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಆ ಕ್ಷಣವೇ ಅಳಿಸಿದೆ. ಚಪ್ಪಲಿ ಮೆಟ್ಟಿಕೊಂಡು ಗಂಜಕ್ಕೆ ಹೋದೆ. ಸೋಯಾಬೀನಿನ ಲಾರಿಗಳು ದಾರಿ ಕಟ್ಟಿ ನಿಂತಿದ್ದವು, ಹಮಾಲರು ಚೀಲ ಇಳಿಸುತ್ತಿದ್ದರು, ನಡುವೆ ನುಸುಳಿ ಭಾಯಿಯ ಅಂಗಡಿ ಮುಟ್ಟುವಷ್ಟರಲ್ಲಿ ಬೆವತು ಹೋಗಿದ್ದೆ. ಭಾಯಿ ಕೈಯಲ್ಲಿದ್ದ ಕೆಲಸ ಬಿಟ್ಟು ಕಂಪ್ಯೂಟರಿನ ಮುಂದೆ ಕೂತರು. ನಾವು ಅಳಿಸಿದರೆ, ಪ್ರತಿ ಇಟ್ಟುಕೊಂಡ ಸರ್ವರುಗಳಿಗೆಲ್ಲ "ನೀವೂ ಅಳಿಸಿ" ಎಂಬ ಸಂದೇಶ ಹೋಗುತ್ತದಂತೆ. ಒಂದೊಂದಾಗಿ ತೆರೆದು ನೋಡಿದರು. ಇಲ್ಲಿ ಅಳಿಸಿಹೋಗಿದೆ, ಇಲ್ಲಿಯೂ ಅಳಿಸಿಹೋಗಿದೆ. ಚಾ ತರಿಸಿದರು. ಕೊನೆಗೆ ಒಂದರ ಮುಂದೆ ಅವರ ಕೈ ನಿಂತಿತು. ನನ್ನ ಬರಹ ಅಲ್ಲಿ ಹಾಗೆಯೇ ಇತ್ತು.

"ಈ ಸರ್ವರ್ ನಿಮ್ಮ ಬರಹ ತಗೊಂಡ ಮ್ಯಾಲ ಕಿವುಡಾಗ್ಯದ ಆಪಾ. ಒಳಗಿನವರು ಬರಿತಾರ, ಅದು ತೋರಸ್ತದ. ಹೊರಗಿಂದ ಏನು ಹೇಳಿದ್ರೂ ಅದಕ್ಕ ಕೇಳಸವಲ್ದು."

"ಅದರ ಯಜಮಾನಗ ಹೇಳ್ರಿ ಹಂಗಾದ್ರ."

"ಬರದೇನಿ. ಮೊದಲೂ ಒಂದೆರಡು ಸಲ ಬರದಿದ್ದೆ, ಬ್ಯಾರೆ ಕೆಲಸಕ್ಕ. ಜವಾಬು ಇಲ್ಲ. ಒಬ್ಬನೇ ನಡಸ್ತಿದ್ದ ಅಂತ ಕಾಣ್ತದ. ಬಿಟ್ಟು ಹೋಗ್ಯಾನೋ, ಬೇಮಾರಿ ಬಿದ್ದಾನೋ, ಯಾರಿಗಿ ಗೊತ್ತು. ಮಶೀನ್ ತಾನೇ ನಡೀಲಿಕ್ಕತ್ತದ."

ನಾನೇ ಆ ಸರ್ವರಿನ ಒಳಗೆ ಸೇರಿ ಅಲ್ಲಿನವರಿಗೆ ಹೇಳುತ್ತೇನೆ ಎಂದೆ. ಒಳಗೆ ಸೇರಲು ಯಜಮಾನನ ಒಪ್ಪಿಗೆ ಬೇಕಂತೆ. ಪೊಲೀಸರಿಗೆ ಹೇಳೋಣ ಎಂದೆ. ಏನೆಂದು ಹೇಳುತ್ತೀರಿ, ಬರೆದವರು ನೀವೇ ಅಲ್ಲವೇ ಎಂದರು, ಮೆತ್ತಗೆಯೇ ಹೇಳಿದರು. ನಾನು ಸಿಟ್ಟಾದೆ. ಮಾಲೀಕನಿಲ್ಲದ ಜಾಲವೆಂದು ಬಡಾಯಿ ಕೊಚ್ಚಿ ಕರೆತಂದಿರಿ, ಈಗ ಹೇಳುವವರು ಕೇಳುವವರು ಯಾರೂ ಇಲ್ಲ ಎಂದರೆ ಹೇಗೆ ಎಂದು ಅವರ ಮೇಲೆ ಹರಿಹಾಯ್ದೆ. ಪಾಪ, ಭಾಯಿ ಚಾದ ಕಪ್ಪು ನನ್ನ ಮುಂದೆ ಸರಿಸಿದರು. "ನಮ್ಮ ಅಂಗಡ್ಯಾಗಿನ ಮಾಲು ನಾವು ಎತ್ತಿ ಒಗಿಬಹುದು ಆಪಾ. ಇನ್ನೊಬ್ಬರ ಬೀಗದ ಕೀಲಿ ನಮ್ಮ ಬಲ್ಲಿ ಇರಂಗಿಲ್ಲ. ಹಂಗ ಇರಬಾರದು ಅಂತೇ ಅಲ್ಲೇನು ನಾವು ಇದರಾಗ ಬಂದದ್ದು?" ಎಂದರು. ಮಾತು ಸರಿಯಾಗಿಯೇ ಇತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಚಾ ಕುಡಿಯದೆ ಎದ್ದು ಬಂದೆ.

ಸರ್ವರಿನ ಮಾತು ಹಾಗಿರಲಿ. ಬರಹದ ಚಿತ್ರ ತೆಗೆದುಕೊಂಡವರು ಫೋನಿನ ಪ್ರಾರ್ಥನಾ ಗುಂಪುಗಳಿಗೆ ಹಾಕಿದ್ದರು. ನಮ್ಮ ಜನಕ್ಕೆ ಊರಿಗೊಂದು ಗುಂಪಿದೆ, ಹೆಣ್ಣುಮಕ್ಕಳದು ಬೇರೆ, ಯುವಜನರದು ಬೇರೆ. ಒಬ್ಬರ ಕಷ್ಟ ಕಂಡರೆ ಇನ್ನೊಂದು ಗುಂಪಿಗೆ ದಾಟಿಸುವುದು ಪುಣ್ಯದ ಕೆಲಸ. ಆಡಿಕೊಳ್ಳಲು ದಾಟಿಸಿದವರು ಒಬ್ಬರೂ ಇರಲಿಲ್ಲ ಎಂದು ಇವತ್ತಿಗೂ ನಂಬುತ್ತೇನೆ. ಎಲ್ಲರೂ ಪ್ರಾರ್ಥಿಸಿಯೇ ದಾಟಿಸಿದರು. ಅಲ್ಲಿ ಅಳಿಸಿ ಎಂದು ಹೇಳಲು ಭಾಯಿಯಂಥ ಒಬ್ಬರೂ ಇರಲಿಲ್ಲ.

ಆ ಭಾನುವಾರ ಚರ್ಚಿಗೆ ಹೋಗುವ ಮನಸ್ಸಿರಲಿಲ್ಲ, ಹೋಗದಿದ್ದರೆ ಯಾಕೆ ಬರಲಿಲ್ಲವೆಂದು ನಾಲ್ವರು ಮನೆಗೆ ಬರುತ್ತಾರೆಂದು ಹೋದೆ. ಪಾಸ್ಟರರು ಪ್ರಾರ್ಥನಾ ವಿಷಯ ಕೇಳಿದರು. ಮುಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ಬಹಳ ಸಜ್ಜನ, ನಮ್ಮವ್ವನ ಮಣ್ಣಿಗೆ ಹೆಗಲು ಕೊಟ್ಟವರು. ಕನ್ನಡಕ ಹಾಕಿಕೊಂಡು ಫೋನು ದೂರ ಹಿಡಿದು ಓದಿದರು. "ಔರಾದ ತಾಲೂಕಿನ ಠಾಣಾ ಕುಶನೂರ ಕಡೆಯ ಒಬ್ಬ ಸಹೋದರಿ." ನನ್ನದೇ ಸಾಲುಗಳು, ನಾನು ಬರೆದ ಕ್ರಮದಲ್ಲೇ. ಒಂದು ಪದ ಬಿಡಲಿಲ್ಲ. "ಹೆಸರು ದೇವರಿಗೆ ಗೊತ್ತು" ಎಂದು ಮುಗಿಸಿ ಕೂತರು.

ಎದ್ದು ನಿಂತು ಬೇಡ ಎನ್ನಬಹುದಿತ್ತು. ಎಂದರೆ ನನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ, ಅಲ್ಲಿಂದ ಇನ್ನೊಂದು ಕತೆ ಹುಟ್ಟುತ್ತದೆ. ಹೀಗೆಲ್ಲ ಯೋಚಿಸುತ್ತಿದ್ದಂತೆ ಪಾಸ್ಟರರು ಕಣ್ಣು ಮುಚ್ಚಿದರು. ಉದ್ದನೆಯ ಪ್ರಾರ್ಥನೆ ಮಾಡಿದರು. ಮುಂದಿನ ಬೆಂಚಿನಲ್ಲಿ ತಲೆ ಬಾಗಿಸಿಕೊಂಡಿದ್ದ ಇಬ್ಬರು ಹೆಂಗಸರಲ್ಲಿ ಒಬ್ಬಳು, "ಯಾರಕಿ ಇದ್ದಾಳ?" ಎಂದಳು. ಇನ್ನೊಬ್ಬಳು ಮೊದಲು ಅಪ್ಪನ ಹೆಸರು ಹೇಳಿದಳು, ಆಮೇಲೆ ಮಗಳ ಹೆಸರು. "ಅಯ್ಯ ಪಾಪ, ಚಂದ ಇದ್ದಾಳಲ್ಲ ಹುಡುಗಿ" ಎಂದಳು ಮೊದಲಿನವಳು.

ಅಷ್ಟು ದಿನ ಮಾತಾಡಿಯೂ ನಾನು ಕೇಳದೆ ಬಿಟ್ಟಿದ್ದ ಹೆಸರು ಅದು. ನನಗೆ ಹೀಗೆ ತಿಳಿಯಿತು. ಸಭೆ ಆಮೆನ್ ಎಂದಿತು. ನಾನೂ ಎಂದೆ, ಅನ್ನದೆ ಇರಲು ಬರುವುದಿಲ್ಲ.

ಮಂಗಳವಾರ ಮುಂಜಾನೆಯ ಬಸ್ಸಿಗೆ ಭಾಲ್ಕಿಗೆ ಹೋದೆ. ಏನು ಮಾಡಲು ಎಂದು ಕೇಳಬೇಡಿ. ಹುಡುಗನನ್ನೋ ಅವನತ್ತೆಯನ್ನೋ ಮೊದಲೇ ಕಂಡು, ನೀವು ಏನು ಕೇಳಿದ್ದರೂ ಕೇಳಿಲ್ಲದಂತೆ ಇರಿ, ಆಕೆ ಹೇಳುವ ತನಕ ಸುಮ್ಮನಿರಿ ಎಂದು ಕೈ ಮುಗಿಯಬೇಕೆಂದಿತ್ತು. ದಾರಿಯುದ್ದಕ್ಕೂ ಆ ಮಾತನ್ನೇ ತಿದ್ದುತ್ತಿದ್ದೆ. ಭಾಲ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ತಲೆಗೆ ಹೊಳೆಯಿತು. ಹುಡುಗ ಯಾರು, ಮನೆ ಯಾವ ಓಣಿಯಲ್ಲಿದೆ, ನನಗೆ ಏನೂ ಗೊತ್ತಿಲ್ಲ. ಕೇಳಲೇ ಇಲ್ಲವಲ್ಲ, ಕೇಳಬಾರದೆಂಬುದು ನನ್ನದೇ ಕಾಯಿದೆ. ಹುಡುಗಿಗೆ ಬರೆದು ಕೇಳಿದೆ. ಉತ್ತರ ಬರಲಿಲ್ಲ.

ಭಾಲ್ಕಿಯಲ್ಲಿ ನನ್ನ ಗುರುತಿನವರು ಬೇಕಾದಷ್ಟಿದ್ದರು. ಹಣ್ಣಿನ ಗಾಡಿಯ ಹೆಂಗಸಿಗೂ ನಾನೇ ಹೆರಿಗೆ ಮಾಡಿಸಿದ್ದೆ, "ಸಿಸ್ಟರ್, ಯಾವಾಗ ಬಂದ್ರಿ?" ಎಂದು ಸೀತಾಫಲ ಕೈಗಿಟ್ಟಳು. ಯಾರ ಮನೆಗೆ ಔರಾದ ಕಡೆಯ ಮಾಸ್ತರರ ಮಗಳನ್ನು ತರುತ್ತಿದ್ದಾರೆ ಎಂದು ಒಂದು ಮಾತು ಕೇಳಿದರೆ ಹತ್ತು ನಿಮಿಷದಲ್ಲಿ ಮನೆ ಸಿಗುತ್ತಿತ್ತು. ಸಿಗುತ್ತಿತ್ತು, ಜೊತೆಗೆ ಬಸ್ ಸ್ಟ್ಯಾಂಡಿಗೆಲ್ಲ ಇನ್ನೊಂದು ಸಲ ಗೊತ್ತಾಗುತ್ತಿತ್ತು. ಸೀತಾಫಲ ಮಡಿಲಲ್ಲಿಟ್ಟುಕೊಂಡು ಕಲ್ಲು ಬೆಂಚಿನ ಮೇಲೆ ಕೂತೆ. ಔರಾದ ಕಡೆಯ ಬಸ್ಸು ಬಂದಾಗಲೆಲ್ಲ ಇಳಿಯುವವರ ಮುಖ ನೋಡಿದೆ. ಇಪ್ಪತ್ತೈದರ ಆಸುಪಾಸಿನ ಹುಡುಗಿಯರು ಮೂವರು ಇಳಿದರು. ಮೂವರೂ ನನ್ನನ್ನು ದಾಟಿ ಹೋದರು. ಅವರಲ್ಲಿ ಅವಳಿದ್ದಳೋ ಇಲ್ಲವೋ. ಹೆಸರು ಗೊತ್ತಿತ್ತು, ಕರೆಯುವ ಧೈರ್ಯವಾಗಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಬೀದರಕ್ಕೆ ಮರಳಿದೆ.

ಮರುದಿನ ಅವಳ ಪತ್ರ ಬಂತು. ನೆನಪಿದ್ದಷ್ಟು ಬರೆಯುತ್ತೇನೆ, ಏಕೆಂದರೆ ಈಗ ಅದು ನನ್ನ ಬಳಿ ಇಲ್ಲ.

"ಸಿಸ್ಟರ್, ಹೋಗಿ ಬಂದೇನಿ. ಚಾ ಕೊಟ್ರು. ಅವರು, ನಾನು ಪಡಸಾಲ್ಯಾಗ ಕುಂತೇವಿ. 'ನಿಮಗ ಒಂದು ಮಾತು ಹೇಳಬೇಕು' ಅಂದೆ. ಅವರು, 'ಹೇಳೋದು ಬ್ಯಾಡ, ನಮಗ ಎಲ್ಲಾ ಗೊತ್ತದ, ಮನಿ ಮಂದಿ ಎಲ್ಲರೂ ಪ್ರಾರ್ಥನಿ ಮಾಡ್ಲಿಕ್ಕತ್ತೇವಿ' ಅಂದ್ರು. ಒಳ್ಳೇವರೇ ಇದ್ದಾರ್ರಿ. ಅವರ ತಾಯಿ ನನ್ನ ತಲಿ ಮ್ಯಾಲ ಕೈ ಇಟ್ಟು ಬೇಡ್ಕೊಂಡ್ರು. ಆಮ್ಯಾಲ ಅವರತ್ತಿ ಇಟ್ರು. ನೆರಮನಿಯವರು ಬಂದಿದ್ರು, ಅವರೂ ಇಟ್ರು. ಯಾರೂ ಬ್ಯಾಡ ಅನ್ಲಿಲ್ಲ. ನಾನೇ ಬ್ಯಾಡ ಅಂದು ಬಂದೇನಿ. ಆ ಮನಿಗಿ ಸೊಸಿ ಆಗಿ ಹೋಗಬೇಕಂತ ಇದ್ದೆ ಸಿಸ್ಟರ್, ಪ್ರಾರ್ಥನಾ ವಿಷಯ ಆಗಿ ಅಲ್ಲ. ಅಪ್ಪ ನನ್ನ ಕೂಡ ಮಾತು ಬಿಟ್ಟಾರ. ನಿಮ್ಮ ಮ್ಯಾಲ ಸಿಟ್ಟಿಲ್ರಿ. ಗುಳಿಗಿ ವಿಷಯ ಹೇಳಿದ್ರಲ್ಲ, ಅದು ಉಪಕಾರ ಆಯ್ತು."

ಉತ್ತರ ಬರೆಯಲು ನನಗೆ ಬಹಳ ಹೊತ್ತು ಹಿಡಿಯಿತು. ತಪ್ಪಾಯಿತು ಎಂದು ಬರೆದೆ, ಸಾಲಲಿಲ್ಲ. ಅಳಿಸಿ ಉದ್ದಕ್ಕೆ ಬರೆದೆ, ಅವಳ ಮಾತು ನೆನಪಾಯಿತು, ಬೇಡಿಕೊಂಡಂತಾಗುತ್ತದೆ. ಮತ್ತೆ ಮೊಟಕು ಮಾಡಿದೆ. ಕೊನೆಗೆ ಕಳಿಸಿದರೆ, ಇಂಥವರು ಇಲ್ಲಿ ಇಲ್ಲ ಎಂದು ಬಂತು. ಅವಳು ತನ್ನ ಖಾತೆಯನ್ನೇ ಅಳಿಸಿದ್ದಳು. ನೋಡುತ್ತಿದ್ದಂತೆ ನನ್ನ ಕಡೆಯಿದ್ದ ಅವಳ ಪತ್ರಗಳೂ ಹೋದವು. ಮೊದಲ ದಿನದ ಪ್ರಶ್ನೆ, ಅವಳು ಹೊಡೆದು ಹಾಕಿ ಉಳಿಸಿದ ನಾಲ್ಕು ಸಾಲು, ಈ ಕೊನೆಯ ಪತ್ರ, ಒಂದೂ ಉಳಿಯಲಿಲ್ಲ. ನಮ್ಮ ಸರ್ವರು ಸಜ್ಜನರದು, ಅಳಿಸಿ ಎಂದರೆ ಅಳಿಸುತ್ತದೆ. ಆ ನಾಲ್ಕು ಸಾಲು ನನಗೆ ಬಾಯಿಪಾಠವಾಗಿದೆ, ಇಲ್ಲಿ ಬರೆಯುವುದಿಲ್ಲ. ಅವು ಯಾರ ಕಿವಿಗೂ ಬೀಳದೆ ಉಳಿದ ಅವಳ ಮಾತುಗಳು.

ಭಾಯಿಯ ಜೊತೆ ಮತ್ತೆ ಮಾತಾಡುತ್ತೇನೆ, ನಾನೇ ಹೋಗಿ ಚಾ ಕುಡಿದು ಬಂದೆ. ಆ ಕಿವುಡು ಸರ್ವರಿನವನಿಗೆ ಅವರು ತಿಂಗಳಿಗೊಮ್ಮೆ ಬರೆಯುತ್ತಾರೆ. ಜವಾಬು ಬಂದಿಲ್ಲ. ಜಾಲವನ್ನು ನಾನು ಬಿಟ್ಟಿಲ್ಲ, ಕೇಳಿದವರಿಗೆ ಹೇಳುತ್ತೇನೆ, ಬರೆದ ಮೇಲೆ ಬೇಡದ್ದನ್ನು ಒಂದೊಂದೇ ಕಿತ್ತು ಹಾಕಿ ಮೂರು ಸಲ ಓದಿ ಕಳಿಸುತ್ತೇನೆ. ಚರ್ಚಿನಲ್ಲಿ ಪ್ರಾರ್ಥನಾ ವಿಷಯ ಕೇಳಿದಾಗ ನನ್ನ ಕೈ ಮಡಿಲಲ್ಲೇ ಇರುತ್ತದೆ. ಪಾಸ್ಟರರಿಗೆ ಒಮ್ಮೆ, ಮಂದಿಯ ವಿಷಯವನ್ನು ಇಷ್ಟು ಬಿಡಿಸಿ ಹೇಳುವುದು ಬೇಡವೇನೋ ಎಂದೆ. "ಹೆಸರು ಹೇಳಂಗಿಲ್ಲಲ್ರೀ ಸಿಸ್ಟರ್" ಎಂದರು. ನಮ್ಮವ್ವನ ದನಿಯೇ ಕೇಳಿದಂತಾಯಿತು.

ದಿನಾ ಬೆಳಗ್ಗೆ ಕಸ ಗುಡಿಸಿದ ಮೇಲೆ ಕಿವುಡು ಸರ್ವರಿನ ಆ ಪುಟ ತೆರೆದು ನೋಡುವುದು ರೂಢಿಯಾಗಿದೆ, ಹೋಗಿದೆಯೇನೋ ಎಂದು. ಇವತ್ತೂ ನೋಡಿದೆ. ಇತ್ತು. ಅದರ ಕೆಳಗೆ ಆ ಸರ್ವರಿನ ಒಳಗಿನವರು ಯಾರೋ ಹೊಸದಾಗಿ ಒಂದು ಸಾಲು ಸೇರಿಸಿದ್ದರು. "ಈ ತಂಗಿಗಾಗಿ ಇನ್ನೂ ಪ್ರಾರ್ಥಿಸುತ್ತಿದ್ದೇವೆ. ಈಗ ಹೇಗಿದ್ದಾಳೆ? ತಿಳಿದವರು ತಿಳಿಸಿರಿ."

ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದಾರೆ. ನಾನು ಇಲ್ಲಿಂದ ಏನು ಬರೆದರೂ ಆ ಸರ್ವರಿಗೆ ಕೇಳುವುದಿಲ್ಲ. ಕೇಳುವಂತಿದ್ದರೂ ಏನೆಂದು ಬರೆಯಲಿ? ಅವಳು ಹೇಗಿದ್ದಾಳೋ, ಗುಳಿಗೆ ಬದಲಿಸಿಕೊಂಡಳೋ, ಅಪ್ಪ ಮಾತಾಡುತ್ತಾರೋ, ಬೇರೆ ಯಾರಿಗಾದರೂ ಆ ನಾಲ್ಕು ಸಾಲು ಹೇಳಿದಳೋ, ನನಗೆ ಗೊತ್ತಿಲ್ಲ. ಫೋನನ್ನು ಮೇಜಿನ ಮೇಲೆ ಮಗುಚಿಟ್ಟೆ. ಅವಳ ವಿಷಯದಲ್ಲಿ ಈಗ ನನಗೆ ಗೊತ್ತಿರುವುದು ಹೆಸರೊಂದೇ.